ಹಸನಸಾಬ ಸಪಾಟು ಮಾಡಿದ ರೆಕಾರ್ಡು

ಸವಣೂರಿನ ನಿಯಾಜನಿಗೆ ಹಿಡಿದ ಹುಚ್ಚು ಎಂಥದ್ದೆಂದು ತಿಳಿಸಿ ಹೇಳುವುದೇ ಒಂದು ಫಜೀತಿ. ಜನ ಪಾರಿವಾಳ ಸಾಕುತ್ತಾರೆ, ಹೋರಿ ಕಟ್ಟುತ್ತಾರೆ, ಹಳೇ ನಾಣ್ಯ ಕೂಡಿಡುತ್ತಾರೆ. ಈ ಪುಣ್ಯಾತ್ಮ ಪಂಕ್ ರಾಕ್ ಬ್ಯಾಂಡುಗಳ ರೆಕಾರ್ಡು ಕೂಡಿಡುತ್ತಿದ್ದ. ಮೊಬೈಲ್ ಒತ್ತಿದರೆ ಬರುವ ಹಾಡಲ್ಲ, ಮುಳ್ಳು ಇಟ್ಟು ತಿರುಗಿಸಿ ಕೇಳುವ ಕರೀ ತಟ್ಟೆಗಳು. ಮದುವೆಮನೆಗೆ ಮೈಕ್‌ಸೆಟ್ ಕಟ್ಟುವ ಮನೆತನದಲ್ಲಿ ಹುಟ್ಟಿ, ಮದುವೆಯಲ್ಲಿ ಹಚ್ಚಿದರೆ ಬೀಗರು ಎದ್ದು ಓಡಬೇಕು, ಅಂಥ ಇಂಗ್ಲಿಷ್ ಅರಚಾಟವೇ ಇವನಿಗೆ ಬೇಕು! ಅಪ್ಪ ಹಸನಸಾಬ ಅದಕ್ಕೆ ಜಗಳದ ಹಾಡು ಎಂದು ಹೆಸರಿಟ್ಟಿದ್ದ, ಅದೂ ಕಿವಿ ನೆಟ್ಟಗಿದ್ದ ಕಾಲದಲ್ಲಿ. ನಲವತ್ತು ವರ್ಷ ಲೌಡ್‌ಸ್ಪೀಕರಿನ ಬಾಯಿಗೆ ನಿಂತು ಮುದುಕನ ಎರಡೂ ಕಿವಿ ಹೋಗಿದ್ದವು. ಈಗ ಏನು ಹೇಳುವುದಿದ್ದರೂ ಪಾಟಿಯ ಮೇಲೆ ಬರೆದು ತೋರಿಸಬೇಕು.

ನಿಯಾಜನಿಗೆ ಆ ಹಾಡುಗಳ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಆದರೆ ಬೀಗರ ಎದುರು, ಗಿರಾಕಿಗಳ ಎದುರು, ಊರ ಹಿರಿಯರ ಎದುರು ದಿನವಿಡೀ ಹ್ಞೂಂರೀ ಹ್ಞೂಂರೀ ಎನ್ನುವ ಬಾಯಿ ಅವನದು. ಆ ಹಾಡು ಹಚ್ಚಿದರೆ ತನ್ನ ಪರವಾಗಿ ಯಾರೋ ಕೂಗುತ್ತಿದ್ದಾರೆ ಎಂದು ಎದೆ ಹಗುರಾಗುತ್ತಿತ್ತು, ಅಷ್ಟೇ.

ಹೋದ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ರದ್ದಿ ಅಂಗಡಿಯೊಂದರಲ್ಲಿ ಅವನಿಗೆ ಗೇಣಗಲದ ಒಂದು ಸಣ್ಣ ರೆಕಾರ್ಡು ಸಿಕ್ಕಿತು. ಬ್ಯಾಂಡಿನ ಹೆಸರು 'ಲೆವೆಲ್ ಕ್ರಾಸಿಂಗ್'. ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನ ನಾಲ್ಕು ಹುಡುಗರು ೧೯೮೪ರಲ್ಲಿ ಮುಂಬಯಿಗೆ ಹೋಗಿ ನೂರೇ ನೂರು ಪ್ರತಿ ಮಾಡಿಸಿಕೊಂಡು ಬಂದದ್ದಂತೆ. ನಿಯಾಜ ಅದರ ಫೋಟೋವನ್ನು ಮೊಬೈಲಿನಲ್ಲಿ ರೆಕಾರ್ಡು ಸಂಗ್ರಾಹಕರ ಗುಂಪಿಗೆ ಹಾಕಿದ. ಎಲ್ಲೆಲ್ಲಿಯವರೋ ಹೌಹಾರಿದರು. ಇದೊಂದು ಪ್ರತಿ ಬಿಟ್ಟರೆ ಇನ್ನೊಂದನ್ನು ಕಂಡವರಿರಲಿಲ್ಲ.

ಫೋಟೋ ಕೈಯಿಂದ ಕೈಗೆ ಹೋಗಿ ನಾಲ್ಕು ದಿನಕ್ಕೆ ಹುಬ್ಬಳ್ಳಿಯಿಂದ ಫೋನು ಬಂತು. ರೈಲ್ವೆ ಶಾಲೆಯಿಂದ ನಿವೃತ್ತರಾದ ಡೋರೀನ್ ಟೀಚರು. ಆ ಬ್ಯಾಂಡಿನಲ್ಲಿ ಹಾಡಿದವನು ಅವರ ತಮ್ಮ ಕ್ಲೈವ್. ರೆಕಾರ್ಡು ಬಂದ ಮರುವರ್ಷವೇ ಮೋಟರ್‌ಸೈಕಲ್ಲಿನಿಂದ ಬಿದ್ದು ತೀರಿಕೊಂಡಿದ್ದ. ಮನೆಯಲ್ಲಿದ್ದ ಪ್ರತಿ ಕ್ವಾರ್ಟರ್ಸ್ ಖಾಲಿ ಮಾಡುವಾಗ ಕಳೆದುಹೋಯಿತು ಎಂದರು. ಆಮೇಲೆ ಅವರು ಹೇಳಿದ ಮಾತು ನಿಯಾಜನನ್ನು ಹಿಡಿದುಕೊಂಡಿತು.

"ಅವನ ಮುಖ ಫೋಟೋದಾಗ ಐತಪಾ. ದನಿ ಮರತೇನಿ."

ಬರ್ರಿ, ಕೇಳಸ್ತೇನಿ ಎಂದು ನಿಯಾಜ ಮಾತು ಕೊಟ್ಟ. ಕೊಡುವಾಗ ಎರಡು ತೊಡಕು ಇದ್ದದ್ದು ಅವನಿಗೆ ಗೊತ್ತಿತ್ತು. ರೆಕಾರ್ಡಿನ ಒಂದು ಅಂಚು ಹಪ್ಪಳದ ಹಾಗೆ ಎದ್ದಿತ್ತು, ಮೊದಲಿಗೆ ಮುಳ್ಳು ನಾಲ್ಕು ಸಲ ಜಿಗಿದಿತ್ತು. ಒಂದೇ ಒಂದು ಸಲ ಹಚ್ಚಿ ಕೇಳಿದ್ದ. ಜಿಗಿದು ಜಿಗಿದು ಕೊನೆಗೆ ದಾರಿಗೆ ಬಂದಾಗ ಒಂದು ಎಳೇ ಗಂಟಲು, ಇನ್ನೂ ಒಡೆದು ಪೂರಾ ಕೂಡದ ದನಿ, ಹರಿದುಹೋಗುವ ಹಾಗೆ ಕೂಗಿತ್ತು. ಅದೇ ಹೊತ್ತಿಗೆ ಮುಳ್ಳು ಮುರಿದಿತ್ತು, ಅದು ಎರಡನೇ ತೊಡಕು. ಬೇರೆ ಮುಳ್ಳು ಸಿಕ್ಕ ಕೂಡಲೇ ಮೊದಲು ಹಾಡನ್ನು ಮೊಬೈಲಿಗೆ ಇಳಿಸಿಕೋ ಎಂದು ಚಿಕ್ಕೇರೂರಿನ ರೇಡಿಯೋ ರಿಪೇರಿ ದುರ್ಗೇಶ ಬಡಕೊಂಡ. ಅವನ ಹತ್ತಿರ ಹಳೇ ಮುಳ್ಳು ಒಂದಿತ್ತು, ರೆಕಾರ್ಡು ತಗೊಂಡು ಬಾ, ನನ್ನ ಅಂಗಡಿಯಲ್ಲೇ ಹಚ್ಚಿ ಇಳಿಸೋಣ, ಆಮೇಲೆ ಮುಳ್ಳು ಒಯ್ಯಿ ಎಂದೂ ಹೇಳಿದ್ದ. ನಿಯಾಜ ಒಪ್ಪಲಿಲ್ಲ. ರೆಕಾರ್ಡನ್ನು ರೆಕಾರ್ಡಿನಲ್ಲೇ ಕೇಳಬೇಕು ಎಂಬ ಅವನ ಠೇಂಕಾರ ನೋಡಬೇಕಿತ್ತು!

ಕೊನೆಗೆ ಏಪ್ರಿಲ್‌ನ ಒಂದು ರವಿವಾರ ಮಧ್ಯಾಹ್ನ ಟೀಚರು ಬರುವುದೆಂದು ನಿಕ್ಕಿಯಾಯಿತು. ಶನಿವಾರ ಹಾನಗಲ್ಲಿನಲ್ಲಿ ಮದುವೆ. ಅಲ್ಲಿ ಮೈಕ್ ಕಟ್ಟಿ, ಮರುದಿನ ಚಿಕ್ಕೇರೂರಿಗೆ ಹೋಗಿ ದುರ್ಗೇಶನಿಂದ ಮುಳ್ಳು ತರುವುದು ಅವನ ಲೆಕ್ಕ. ಹೊರಡುವ ಮುಂಚೆ ಅಪ್ಪನ ಪಾಟಿಯ ಮೇಲೆ ಬರೆದ: ನಾಳೆ ಟೀಚರ್ ಬರ್ತಾರ. ತಮ್ಮನ ಹಾಡು ಕೇಳಾಕ. ರೆಕಾರ್ಡ್ ಸೊಟ್ಟ ಆಗೇತಿ, ಅದೊಂದ ಚಿಂತಿ.

ಇಷ್ಟು ವರ್ಷದಲ್ಲಿ ಮಗ ತನ್ನ ಚಿಂತೆಯನ್ನು ಅಪ್ಪನಿಗೆ ಹೇಳಿದ್ದು ಅದೇ ಮೊದಲು.

ಸೊಟ್ಟಾದ ರೆಕಾರ್ಡು ಹಸನಸಾಬನಿಗೆ ಹೊಸದೇ? ಆಗಿನ ಕಾಲದಲ್ಲಿ ಚಕ್ಕಡಿ ಮೇಲೆ, ಲಾರಿ ಮೇಲೆ ಹೋಗಿ ಬಂದ ರೆಕಾರ್ಡುಗಳು ಬಾಗಿದರೆ ಎರಡು ಗಾಜಿನ ನಡುವೆ ಇಟ್ಟು, ಮೇಲೆ ಕಲ್ಲು ಹೇರಿ, ಬಿಸಿಲಿಗೆ ಹಿಡಿದು ಸಪಾಟು ಮಾಡುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ದುಂಡಸಿಯಿಂದ, ಹಿರೇಬೆಂಡಿಗೇರಿಯಿಂದ ಬೇರೆ ಮೈಕ್‌ಸೆಟ್ಟಿನವರು ಅವನ ಹತ್ತಿರ ತರುತ್ತಿದ್ದರು. ಆದರೆ ಅವು ದಪ್ಪ ರೆಕಾರ್ಡು, ಅದು ಮಾಗಿಯ ಎಳೆಬಿಸಿಲು. ಇದು ಎಲೆಯ ಹಾಗೆ ತೆಳ್ಳಗಿತ್ತು, ಏಪ್ರಿಲ್ ಬೇರೆ. ಮುದುಕ ಕಿಟಕಿಯ ಎರಡು ಗಾಜು ಬಿಚ್ಚಿ, ನಡುವೆ ರೆಕಾರ್ಡು ಸೇರಿಸಿ, ಬಿಸಿಲಿನ ಪತ್ರಾಸು ತಗಡಿನ ಮೇಲೆ ಇಟ್ಟು, ರುಬ್ಬುಗುಂಡು ಹೇರಿ, ನಮಾಜಿಗೆ ಹೋದ. ಬಂದು ಊಟ ಮಾಡಿದ. ಕಣ್ಣು ಹತ್ತಿತು.

ರವಿವಾರ ನಿಯಾಜ ಮುಳ್ಳು ಹಿಡಿದುಕೊಂಡು ಬಂದಾಗ ಡೋರೀನ್ ಟೀಚರು ಆಗಲೇ ಬಸ್ಸಿಳಿದು ಬಂದು, ಪಡಸಾಲೆಯಲ್ಲಿ ಕುರ್ಚಿಯ ತುದಿಗೆ ಕೂತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟಿದ್ದರು. ಮುಂದೆ ತಟ್ಟೆಯಲ್ಲಿ ಸವಣೂರ ಖಾರ, ಚಹಾ. ಒಂದನ್ನೂ ಮುಟ್ಟಿರಲಿಲ್ಲ. ಹಸನಸಾಬ ಒಳಗಿನಿಂದ ರೆಕಾರ್ಡನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಬಂದ.

"ನೋಡು, ಎಲ್ಲಾದ್ರೂ ಸೊಟ್ಟ ಐತೇನು? ಕೈ ಇನ್ನ ಮರತಿಲ್ಲಪಾ ನಂದು."

ಒಂದಿಷ್ಟೂ ಸೊಟ್ಟ ಇರಲಿಲ್ಲ. ನಿಯಾಜ ಅದನ್ನು ಬೆಳಕಿಗೆ ಓರೆ ಹಿಡಿದ. ರೆಕಾರ್ಡಿನ ಮೈಮೇಲೆ ಕೂದಲೆಳೆಯಂಥ ಗೀರುಗಳಿರುತ್ತವೆ, ಹಾಡು ಇರುವುದು ಆ ಗೀರುಗಳಲ್ಲಿ. ಅವು ಇರಲಿಲ್ಲ. ಕಾದು ಮೆತ್ತಗಾಗಿ ಗಾಜಿನಡಿ ಕೂಡಿಹೋಗಿದ್ದವು. ಮಗುಚಿ ನೋಡಿದ. ಆ ಮಗ್ಗುಲೂ ಹಾಗೇ ನುಣ್ಣಗೆ ಹೊಳೆಯುತ್ತಿತ್ತು, ಅವನ ಮುಖ ಅದರಲ್ಲಿ ಕಾಣುತ್ತಿತ್ತು.

ಅವನಿಗೆ ಅಪ್ಪನ ಮೇಲೆ ಕೂಗಬೇಕೆನಿಸಿತು, ಕೂಗಿದರೂ ಕೇಳುವ ಕಿವಿ ಎಲ್ಲಿದೆ? ಪಾಟಿಯ ಮೇಲೆ ಬರೆಯಬೇಕು. ಏನಂತ ಬರೆಯುವುದು? ದುರ್ಗೇಶನ ಮಾತು ಕೇಳಿದ್ದರೆ, ಒಂದೇ ಒಂದು ಸಲ ಮೊಬೈಲಿಗೆ ಇಳಿಸಿದ್ದರೆ! ಅಪ್ಪ ಹಬ್ಬದ ದಿನದ ಹಾಗೆ ನಗುತ್ತಿದ್ದ. ಟೀಚರು ಕನ್ನಡಕ ತೆಗೆದು, ಒರೆಸಿ, ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕಾಯುತ್ತಿದ್ದರು. ಹೇಳುವ ಧೈರ್ಯ ನಿಯಾಜನಿಗೆ ಆಗಲೇ ಇಲ್ಲ. ಮುಳ್ಳು ಕೂರಿಸಿ, ರೆಕಾರ್ಡು ತಿರುಗಿಸಿ, ಅದರ ಮೇಲೆ ಇಟ್ಟುಬಿಟ್ಟ.

ಸ್ಸ್ ಎಂದು ಬಂತು. ಮುಳ್ಳು ಒಂದು ಸಲವೂ ಜಿಗಿಯಲಿಲ್ಲ. ಅದಕ್ಕೆ ಹಿಡಿಯಲು ದಾರಿಯೇ ಇಲ್ಲದೆ ಸುಮ್ಮನೆ ಜಾರುತ್ತಿತ್ತು.

ಟೀಚರು ಕಣ್ಣು ತೆರೆಯಲಿಲ್ಲ. "ಇನ್ನ ಶುರು ಆಗಿಲ್ಲಲ್ಲಪಾ?" ಎಂದು ಮೆಲ್ಲಗೆ ಕೇಳಿದರು.

ಹಸನಸಾಬ ಟೀಚರ ಮುಖ ನೋಡಿದ, ಮಗನ ಮುಖ ನೋಡಿದ. ಆಮೇಲೆ ಎದ್ದು ಬಂದು ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಊರಿದ. ಕಿವಿ ಹೋದ ಮೇಲೆ ಅವನಿಗೆ ಸದ್ದು ತಿಳಿಯುತ್ತಿದ್ದದ್ದು ಅಂಗೈಗೆ. ಊರಿದ ಕೈಗೆ ಏನೂ ತಾಗಲಿಲ್ಲ. ಇನ್ನೊಂದು ಕೈಯನ್ನೂ ಊರಿದ. ಮುಖದ ನಗೆ ಒಂದು ಕಡೆಯಿಂದ ಇಳಿಯತೊಡಗಿತು.

"ಸೌಂಡ್ ಏರಸು," ಎಂದ.

ನಿಯಾಜ ಗುಂಡಿ ತಿರುಗಿಸಿದ.

"ಇನ್ನೂ ಏರಸು."

ಗುಂಡಿ ಕೊನೆ ಮುಟ್ಟಿತ್ತು. ನಿಯಾಜ ಅಪ್ಪನಿಗೆ ಕಾಣುವ ಹಾಗೆ ಅದನ್ನು ಸುಮ್ಮನೆ ತಿರುಗಿಸುತ್ತಲೇ ಇದ್ದ.