ಭಾನುವಾರದ ಗೆರೆ

ಟಣ್ — ಬಕೆಟ್ಟಿನ ಹಿಡಿ ಬಾಗಿಲಿಗೆ ತಾಕಿತು, ಅಷ್ಟೇ, ಆದರೆ ಇವತ್ತು ಅವಳು ಬಾಗಿಲ ಒಳಗಿದ್ದಳು, ಹನ್ನೊಂದರ ಸಭೆಗೆ ಒಂದು ಫೋಟೋ ಬೇಕೆಂದು ಬಂದು ಕೆಂಪು ಬಲ್ಬಿನ ಮಬ್ಬಿನಲ್ಲಿ ತನ್ನ ಲ್ಯಾಬಿನ ಇಲಿಗಳ ಪಂಜರದೆದುರು ನಿಂತಿದ್ದಳು, ಸದ್ದಾದ ಮರುಕ್ಷಣ ಏಳನೇ ನಂಬರಿನದು ನಿದ್ದೆಯಿಂದೆದ್ದು ಹಿಂಗಾಲ ಮೇಲೆ ನಿಂತು ಬಾಗಿಲ ಕಡೆ ಮೂತಿ ಎತ್ತಿತು, ಆಮೇಲೆ ಎಂಟನೆಯದು, ಆಮೇಲೆ ಎಲ್ಲವೂ. ಒಂಬತ್ತೂವರೆ. ಹತ್ತಕ್ಕೆ ಯಂತ್ರ ತಾನಾಗಿ ಕಾಳು ಸುರಿಯುತ್ತದೆ, ಮೂರು ವರ್ಷದಿಂದ ಅವಳು ಹೇಳಿಕೊಂಡು ಬಂದದ್ದೇ ಇದು — ಹಗಲು ರಾತ್ರಿ ತಿಳಿಸುವ ಮಿದುಳಿನ ಚುಕ್ಕೆಯನ್ನು ತೆಗೆದುಹಾಕಿದರೂ ಇವು ಊಟಕ್ಕೆ ಅರ್ಧ ಗಂಟೆ ಮುಂಚೆ ಎಚ್ಚರಾಗುತ್ತವೆ, ಹಸಿವಿಗೆ ತನ್ನದೇ ಗಡಿಯಾರವಿದೆ, ಎಲ್ಲ ಅಳಿಸಿಹೋದರೂ ಕಾಯುವುದೊಂದು ಉಳಿಯುತ್ತದೆ — ಈಗ ಎದ್ದದ್ದು ಸದ್ದಿಗೋ, ಇಲ್ಲ, ಇರಲಾರದು, ಬಾಗಿಲು ತೆಗೆದರೆ ನೆಲ ಒರೆಸುವಾಕೆ ಎದೆ ಹಿಡಿದುಕೊಂಡಳು, ಅಯ್ಯೋ ಮೇಡಂ ಒಳಗಿದ್ರಾ, ಜೀವ ಹೋಯ್ತು ನಂದು, ದಿನಾ ಇಷ್ಟೊತ್ತಿಗೇ ಒರೆಸ್ತೀರಾ ಎಂದು ಕೇಳಿದಳು, ಮತ್ತಿನ್ನೇನು, ನೀವೇ ಅಲ್ವಾ ಚೀಟಿ ಅಂಟಿಸಿದ್ದು, ಹತ್ತರೊಳಗೆ ಮುಗಿಸ್ಬೇಕು, ಇಲಿ ಊಟ ಮಾಡೋವಾಗ ಸದ್ದಾಗಬಾರ್ದು ಅಂತ, ನಮ್ಮನೆ ಗಂಡಸಿಗೂ ಇಷ್ಟು ಉಪಚಾರ ಇಲ್ಲ ಬಿಡಿ, ಭಾನುವಾರ? ಭಾನುವಾರ ನಂಗೂ ರಜ ಬೇಡ್ವಾ ಮೇಡಂ.

ತನ್ನದೇ ಅಕ್ಷರದ ಚೀಟಿ, ದೀಪದ ಬುಡದಲ್ಲೇ ಕತ್ತಲು, ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಬಂದಳು, ವಾರದ ಏಳೂ ದಿನ ಸೇರಿಸಿ ಸರಾಸರಿ ತೆಗೆದಿದ್ದಳಲ್ಲ, ಆರು ದಿನಗಳ ಗದ್ದಲದಲ್ಲಿ ಒಂದು ದಿನದ ಮೌನ ಯಾರಿಗೆ ಕಾಣಬೇಕು, ಕಂಪ್ಯೂಟರಿನಲ್ಲಿ ಭಾನುವಾರಗಳನ್ನಷ್ಟೇ ಬೇರೆ ಮಾಡು, ಮಾಡಬೇಡ, ಇವತ್ತೊಂದು ದಿನ ಬಿಡು, ಸಭೇಲಿ ಇದು ಒಪ್ಪಿಗೆಯಾದ್ರೆ ನಿಮ್ಮ ಲ್ಯಾಬ್ ಉಳೀತು ಅಂತ ತಿಳ್ಕೊಳ್ಳಿ ಎಂದಿದ್ದರು ನಿರ್ದೇಶಕರು, ಬೆರಳು ಕೇಳಲಿಲ್ಲ, ಒತ್ತಿತು. ಒಂಬತ್ತೂವರೆಗೆ ಇಲಿಗಳ ಓಡಾಟದ ಗೆರೆ ಮಲಗಿತ್ತು. ಹತ್ತರವರೆಗೂ ಮಲಗಿಯೇ ಇತ್ತು. ಕಾಳು ಬಿದ್ದ ಮೇಲೆ ಎದ್ದಿತು, ಒಂದಲ್ಲ, ನಲವತ್ತು ಭಾನುವಾರ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ನಗುತ್ತಾರೆ, ತನಗೆ ಇಲಿಯೂ ಸಿಗಲಿಲ್ಲ, ಸಿಕ್ಕಿದ್ದು ಬಕೆಟ್ಟು — ನಗು ಬಂತು, ಆದರೆ ಇದೆಲ್ಲ ಇಲಿಯಿಂದ ಶುರುವಾದದ್ದಲ್ಲ, ಅಮ್ಮನಿಂದ. ನೆನಪು ಹೋದ ಅಮ್ಮ, ಹಗಲೋ ರಾತ್ರಿಯೋ ತಿಳಿಯದ ಅಮ್ಮ, ಹಸಿವಾಯಿತೆಂದೂ ಹೇಳದ ಅಮ್ಮ, ನೋಡಿಕೊಳ್ಳುವಾಕೆ ಒಂದು ಸಂಜೆ ಹೇಳಿದ್ದಳು, ನಿಮ್ಮಮ್ಮಂಗೆ ಏನೂ ಗೊತ್ತಾಗಲ್ಲ ಅನ್ಬೇಡಿ ಅಕ್ಕಾ, ನೀವು ಬರೋಕೆ ಅರ್ಧ ಗಂಟೆ ಮುಂಚೆನೇ ಬಾಗಿಲ ಕಡೆ ತಿರುಗ್ತಾರೆ, ಆ ರಾತ್ರಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು, ಸಂತೋಷಕ್ಕೆ, ಅಂದಿನಿಂದ ಪ್ರತಿ ಸಂಜೆ ಆರಕ್ಕೆ ಬೀಗ ತೆಗೆದರೆ ಮೊದಲು ಕಾಣುವುದು ಅದೇ, ದಿಂಬಿನಿಂದ ಮೇಲೆದ್ದ ಗಲ್ಲ, ಬಾಗಿಲ ಕಡೆಗೆ.

ಹತ್ತು ಐವತ್ತು. ಸಭೆಗೆ ತೋರಿಸುವ ಚಿತ್ರಗಳಲ್ಲಿ ಮೊದಲನೆಯದನ್ನು ತೆಗೆದುಹಾಕಿದಳು, ಅಲ್ಲಿ ಭಾನುವಾರದ ಗೆರೆ ಇಟ್ಟಳು, ತಪ್ಪಾಗಿದೆ ಎಂದು ಹೇಳುತ್ತಾಳೆ, ಲ್ಯಾಬ್ ಹೋಗಲಿ, ಎದ್ದು ಕೈಚೀಲದ ಜಿಪ್ ಎಳೆದಳು, ಸರ್ರ್ — ಸರ್ರ್, ಐದೂವರೆಗೇ ಚೀಲ ಹೊಂದಿಸ್ಕೊಂಡ್ಬಿಡ್ತೀನಿ ಅಕ್ಕಾ, ನೀವು ಬರ್ತಿದ್ದ ಹಾಗೇ ಹೊರಟ್ರೆ ಬಸ್ಸು ಸಿಗತ್ತೆ, ಎಂದಿದ್ದಳು ಅಮ್ಮನನ್ನು ನೋಡಿಕೊಳ್ಳುವಾಕೆ. ಐದೂವರೆ. ಅವಳ ಆ ಕರಿಯ ಚೀಲದ ಜಿಪ್ ಓಣಿಗೆಲ್ಲ ಕೇಳಿಸುತ್ತದೆ, ಅಮ್ಮನಿಗೆ ಕೇಳಿಸದೇ. ಭಾನುವಾರ ತಾನೇ ಮನೆಯಲ್ಲಿ, ಚೀಲವೂ ಇಲ್ಲ, ಕಾಯುವುದೂ ಇಲ್ಲ, ಹೋಲಿಸಲು ದಿನವೇ ಇಲ್ಲ, ಆದರೆ ಪರೀಕ್ಷೆ ಸುಲಭ, ಫೋನ್ ತೆಗೆದಳು, ಇವತ್ತು ಆರರವರೆಗೆ ಚೀಲ ಮುಟ್ಬೇಡಿ, ಅಮ್ಮನ್ನೇ ನೋಡ್ತಿರಿ, ಏನ್ಮಾಡ್ತಾರೆ ಹೇಳಿ, ಎಂದು ಬರೆದಳು, ಕಳಿಸು, ವಿಜ್ಞಾನಿಯಲ್ಲವೇ ನೀನು, ಎಲ್ಲರೂ ಒಳಗೆ ಕೂತಾಯ್ತು ಮೇಡಂ ಎಂದು ಬಾಗಿಲಲ್ಲಿ ಯಾರೋ ಕರೆದರು, ಬಂದೆ, ಬಂದೆ, ಹೆಬ್ಬೆರಳು ಗುಂಡಿಯ ಮೇಲೆ, ಏಳನೇ ನಂಬರಿನ ಮೂತಿ, ಅಲ್ಲ, ಗಲ್ಲ, ಹೆಬ್ಬೆರಳು ಇಳಿಯುತ್ತಿಲ್ಲ, ದಿಂಬಿನಿಂದ ಮೇಲೆದ್ದ ಗಲ್ಲ, ಬಾಗಿಲ ಕಡೆಗೆ, ಅಮ್ಮನ ಗಲ್ಲ