ಗೇಣು ತೆರೆದ ಕಿಟಕಿ

ಅಡುಗೆಮನೆ ಚಿಮಣಿಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಬಾಣಲೆಯಲ್ಲಿ ಎಣ್ಣೆ ಸುಟ್ಟು ಹೊಗೆ ಎಬ್ಬಿಸಿ, ಚಿಮಣಿ ಅದನ್ನು ಎಷ್ಟು ಬೇಗ ಹೀರಿತೆಂದು ಬರೆಯಬೇಕು. ಕೋಣೆ ಪೂರ್ತಿ ಮುಚ್ಚಿರಬೇಕೆಂಬುದು ನಿಯಮ. ಕಣ್ಣುರಿ ತಾಳದೆ ನಾವು ಹಿಂದಿನ ಕಿಟಕಿಯನ್ನು ಗೇಣು ತೆರೆದಿಡುತ್ತಿದ್ದೆವು. ನಿಯಮ ಬರೆದ ಪುಣ್ಯಾತ್ಮ ಒಂದು ದಿನ ಆ ಹೊಗೆ ಕುಡಿದಿದ್ದರೆ ಗೋಡೆಯನ್ನೇ ಒಡೆಸುತ್ತಿದ್ದ.

ಈ ಸಲ ಬಂದ ಚಿಮಣಿ ರಾಕ್ಷಸ. ನೂರಕ್ಕೆ ತೊಂಬತ್ತೆಂಟು ಕೊಟ್ಟೆ. ಕಣ್ಣುಮುಚ್ಚಿ ತಗೋ ಎಂದು ತಂಗಿಗೂ ಹೇಳಿದೆ.

ಅವಳು ಅದನ್ನು ಹಾಕಿಸಿಕೊಂಡ ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಫೋನ್ ಬಂತು.

“ಅಣ್ಣಾ, ಅಡುಗೆಮನೇಲಿ ನಿಂತ್ರೆ ತಲೆ ಸಿಡಿಯತ್ತೆ. ಪುಟ್ಟಿ ಊಟಕ್ಕೆ ಕೂತಲ್ಲೇ ತೂಕಡಿಸ್ತಾಳೆ.”

“ನಿನ್ನ ಮಗಳಲ್ವಾ? ನಿದ್ದೇಲಿ ನಿನ್ನನ್ನೇ ಮೀರಿಸ್ತಾಳೆ ಬಿಡು.”

“ತಮಾಷೆ ಅಲ್ವೋ. ಹೊರಗೆ ಹೋದ್ರೆ ಇಬ್ರೂ ಸರಿ ಹೋಗ್ತೀವಿ.”

ನಕ್ಕು ಫೋನಿಟ್ಟೆ. ಆದರೆ ಆ ಕೊನೆಯ ಮಾತು ತಲೆಗೆ ಹುಳ ಬಿಟ್ಟಿತು. ಅವಳ ಅಡುಗೆಮನೆಯಲ್ಲೇ ಗ್ಯಾಸ್ ಗೀಸರ್ ಇದೆ. ರಸ್ತೆಯ ಧೂಳಿಗೆ ಹೆದರಿ ಕಿಟಕಿಗಳಿಗೆಲ್ಲ ಟೇಪು ಅಂಟಿಸಿದ್ದಾಳೆ.

ನಮ್ಮ ಪರೀಕ್ಷಾ ಕೋಣೆಯ ಮೂಲೆಯಲ್ಲೂ ಬಾಣಲೆ ತೊಳೆಯಲು ಅಂಥದೇ ಗೀಸರ್ ಇತ್ತು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಕಿಟಕಿ ಮುಚ್ಚಿ ಚಿಮಣಿ, ಗೀಸರ್ ಎರಡನ್ನೂ ಹಚ್ಚಿದೆ. ಗೀಸರಿನ ಹೊಗೆ ಕೊಳವೆಯಲ್ಲಿ ಹೊರಗೆ ಹೋಗಬೇಕು. ಕೊಳವೆಯ ಸಂದಿಗೆ ಕೈ ಹಿಡಿದರೆ ಬಿಸಿಗಾಳಿ ಒಳಕ್ಕೇ ಬರುತ್ತಿತ್ತು. ಹೀರಲು ಬೇರೆ ಗಾಳಿಯಿಲ್ಲದ ಚಿಮಣಿ ಆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ವಿಷವನ್ನು ಕೋಣೆಗೆ ಎಳೆಯುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವಿಷಾನಿಲ ಅಳೆಯುವ ಗೋಡೆಯ ಮೀಟರು ಕಿರುಚತೊಡಗಿತು. ಮಾಡಿದವನು ನಾನು, ಉಣ್ಣುತ್ತಿದ್ದವರು ಅವರು.

ಹೊರಗೋಡಿ ಫೋನ್ ಮಾಡಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಪುಟ್ಟಿ ಎತ್ತಿದಳು. ಅವಳಿಗೆ ಐದು ವರ್ಷ.

“ಅಮ್ಮ ಎಲ್ಲಿ ಪುಟ್ಟಿ?”

“ಪಾತ್ರೆ ತೊಳೀತಾ ತೊಳೀತಾ ನೆಲದ್ಮೇಲೇ ಮಲಗಿಬಿಟ್ಳು ಮಾಮ. ಕರೆದ್ರೂ ಏಳ್ತಿಲ್ಲ.” ಮಾತು ಎಳೆಯುತ್ತಿತ್ತು. “ನಂಗೂ ನಿದ್ದೆ.”

“ಮಲಗ್ಬೇಡ! ಕಿಟಕಿ ತೆಗಿ.”

“ಎಟುಕಲ್ಲ.”

“ಗೀಸರ್ ಆರಿಸು.”

“ಅದೂ ಎಟುಕಲ್ಲ.”

ಅವಳ ಮನೆಗೆ ಇಲ್ಲಿಂದ ಅರ್ಧ ಗಂಟೆಯ ದಾರಿ. ಅಮ್ಮನ ಪಕ್ಕ ಕೂತರೆ ಮಗುವೂ ಉಳಿಯುವುದಿಲ್ಲ.

“ಬಾಗಿಲು ತೆಗೆದು ಹೊರಗೆ ಓಡು ಕಂದಾ. ಪಕ್ಕದ ಮನೆಯೋರನ್ನ ಕೂಗು.”

“ಅಮ್ಮನ್ನ ಬಿಟ್ಟಾ?”

ಅವಳ ಅಮ್ಮನನ್ನು ಎತ್ತಿ ಆಡಿಸಿದವನು ನಾನು.

“ಹೂಂ, ಪುಟ್ಟಿ,” ಎಂದೆ. “ಬಿಟ್ಟು ಓಡು.”