ಗೋಡೆಯೊಳಗಿನ ವೈರು

ಗುಡ್ನಾಪುರದ ಪ್ರತಿಭಾ ಹಿತ್ತಲ ಕೋಣೆಯಲ್ಲಿ ಹಿಟ್ಟಿನ ಗಿರಣಿಯ ಪಕ್ಕ ರೊಟ್ಟಿ ಮಷೀನು ಹಾಕಿಸಿದ ಮೇಲೆ, ಅದು ಚಾಲೂ ಆದಾಗಲೆಲ್ಲ ಮನೆಯ ದೀಪಗಳು ಮಂಕಾಗುತ್ತಿದ್ದವು. ಬನವಾಸಿಯಿಂದ ವೈರಿಂಗ್ ಮಾಡುವ ಶಂಭುಲಿಂಗನನ್ನು ಕರೆಸಿದಳು.

ಅವನು ಹಿತ್ತಲಿನ ಬೋರ್ಡಿನ ಮುಚ್ಚಳ ತೆಗೆದು ನೋಡಿದ. "ಇದು ಒಂದೂವರೆ ಎಂಎಂ ವೈರ್ ಐತ್ರಿ ಅಕ್ಕಾರ. ಎರಡು ಬಲ್ಬಿಗಂತ ಹಾಕಿದ್ದು. ಮಷೀನು, ಹಿಟ್ಟಿನ ಗಿರಣಿ ಕೂಡಿದ್ರ ತಡಿಯಂಗಿಲ್ಲ."

"ನಾಲ್ಕರದ್ದು ಹಾಕಿದ್ರ ಸಾಕಾಗೂದಿಲ್ಲೇನು?"

"ಲೋಡಿಗೆ ಹೆಂಗೋ ಸಾಕ್ರಿ. ಆದ್ರ ಮೀಟರಿನಿಂದ ಇಲ್ಲಿತನ ದೂರ ಭಾಳ ಆತು, ವೋಲ್ಟೇಜ್ ಇಳೀತೈತಿ. ಆರರದ್ದೇ ಎಳಿಯೂಣು. ಫ್ಯೂಸ್ ಕೂಡ್ರಸಾಕ ಹೊಸ ಡಿ.ಬಿ. ಬಾಕ್ಸೂ ಬೇಕು."

ಮಾತು ಕೇಳಿಸಿಕೊಂಡು ಪ್ರತಿಭಾಳ ಅತ್ತೆ ಗುರುಶಾಂತವ್ವ ನಡುಮನೆಯಿಂದ ಬಂದಳು. "ಹಳೇದು ತಗೀಬ್ಯಾಡಪಾ. ನಮ್ಮವರು ಕೈಯಾರೆ ಹಾಕಿದ್ದು. ಅವರು ಅದರಾಗ ಅದಾರ."

ಗಂಡ ಚನ್ನಯ್ಯ ತೀರಿಕೊಂಡಾಗಿನಿಂದ ಆಕೆ ಆ ವೈರು ಹಾದುಹೋದ ನಡುಮನೆಯ ಗೋಡೆಗೆ ತಲೆ ಕೊಟ್ಟೇ ಮಲಗುತ್ತಿದ್ದಳು. ಶಂಭುಲಿಂಗ ಒಳಗೆ ಬಂದು ಆ ಗೋಡೆಗೆ ಕಿವಿ ಹಚ್ಚಿದ. ಒಳಗೆ ಗುಂಯ್ ಎನ್ನುವ ಸಣ್ಣ ದನಿ. ನಡುನಡುವೆ ತಡೆದು, ಮತ್ತೆ ಏಳುತ್ತಿತ್ತು, ಗಾಢ ನಿದ್ದೆಯಲ್ಲಿರುವವರ ಉಸಿರಿನ ಹಾಗೆ.

"ಜಾಯಿಂಟ್ ಸಡಲಾಗಿ ಕಾದೈತಿ ಯವ್ವಾ. ಹಿಂಗ ಬಿಟ್ರ ಮನಿಗೆ ಬೆಂಕಿ ಹತ್ತತೈತಿ," ಎಂದು ಹೋಗಿ ಮೇನ್ ಸ್ವಿಚ್ ಇಳಿಸಿದ. ಮಷೀನು, ಫ್ಯಾನು ಎಲ್ಲ ನಿಂತವು. ಟೆಸ್ಟರ್ ಹಚ್ಚಿದ. ಎಲ್ಲೂ ಕರೆಂಟ್ ಇರಲಿಲ್ಲ.

ಗೋಡೆ ಮಾತ್ರ ಗುಂಯ್ ಎನ್ನುತ್ತಲೇ ಇತ್ತು.

"ಇನ್ವರ್ಟರ್ ಐತೇನ್ರಿ?"

"ಇಲ್ಲ," ಎಂದಳು ಪ್ರತಿಭಾ. ಅವಳಿಗೂ ಕೇಳಿಸಿತ್ತು. ಬಾಗಿಲು ದಾಟಿ ಒಳಗೆ ಬರಲಿಲ್ಲ.

ಹುಳ ಗೂಡು ಕಟ್ಟಿರಬೇಕು ಅಂದುಕೊಂಡು ಅವನು ಗಾರೆ ಒಡೆದ. ಹುಳವಿರಲಿಲ್ಲ. ಕರಗಿದ ಟೇಪು, ಕಪ್ಪಗೆ ಸುಟ್ಟ ಜೋಡಣೆ ಇದ್ದವು. ದನಿ ಈಗ ಬಯಲಿಗೆ ಬಂದಿತ್ತು. ಕಟಿಂಗ್ ಪ್ಲೇಯರ್ ಹಿಡಿದ ಕೈ ಮುಂದೆ ಹೋಗಲಿಲ್ಲ.

"ಏನ್ ಮಾಡ್ಲಿ ಯವ್ವಾ?"

ಗುರುಶಾಂತವ್ವ ಬಂದು ಸುಟ್ಟ ಜಾಗಕ್ಕೆ ಬೆರಳು ಹಚ್ಚಿ, ಚುರುಕ್ಕೆಂದು ಹಿಂದೆ ತೆಗೆದಳು.

"ಬೆಚ್ಚಗೈತಿ ಅಂತ ಮಲಗ್ತಿದ್ದೆ," ಎಂದಳು. "ಇಷ್ಟು ಸುಡಾಕತ್ತೈತಿ ಅಂತ ತಿಳೀಲಿಲ್ಲ ನೋಡು. ಕತ್ತರಿಸು. ತಣ್ಣಗಾಗ್ಲಿ ಅವರು."

ಕತ್ತರಿಸಿದ ಕೂಡಲೇ ದನಿ ನಿಲ್ಲಲಿಲ್ಲ. ಸಣ್ಣಗಾಗುತ್ತ ಹೋಗಿ, ವೈರು ಪೂರ್ತಿ ಹೊರಗೆ ಬಂದಾಗ ಇಲ್ಲವಾಯಿತು.

ಸಂಜೆಯೊಳಗೆ ಹೊಸ ವೈರು ಎಳೆದಾಯಿತು. ಮಷೀನು ಚಾಲೂ ಆದರೂ ದೀಪ ಮಂಕಾಗಲಿಲ್ಲ. ಗುರುಶಾಂತವ್ವ ಹಾಸಿಗೆಯನ್ನು ಪಡಸಾಲೆಗೆ ತಂದುಕೊಂಡಳು. ನಡುಮನೆಯಲ್ಲಿ ಈಗ ಯಾರೂ ಮಲಗುವುದಿಲ್ಲ. ಪ್ರತಿಭಾ ಅಲ್ಲಿ ರೊಟ್ಟಿ ಒಣಹಾಕುತ್ತಾಳೆ, ಹಗಲಿನಲ್ಲೂ ದೀಪ ಹಾಕಿಕೊಂಡು.